ಎರಡನೆಯ ಮಂಗಳವಾರ

ಮಂಗಳವಾರ ಕ್ಷೌರ ಮಾಡಿಸಬಾರದು, ಉಗುರು ಕತ್ತರಿಸಬಾರದು, ಸಂಜೆ ಹೊತ್ತು ಕೈಯಿಂದ ದುಡ್ಡು ಬಿಡಬಾರದು ಎಂದು ಊರಿನಲ್ಲಿ ಹಿರಿಯರು ಹೇಳುತ್ತಿದ್ದರು. ಮುಂಬಯಿಗೆ ಬಂದು ನೋಡಿದರೆ ಇಲ್ಲಿ ಆ ವಾರಕ್ಕೆ ಬೇರೆಯೇ ಮರ್ಯಾದೆ. ಅದು ಸಿದ್ಧಿವಿನಾಯಕನ ವಾರ. ಸೋಮವಾರ ರಾತ್ರಿಯೇ ಉಪನಗರಗಳಿಂದ ಬರಿಗಾಲಿನಲ್ಲಿ ಹೊರಟವರು ಬೆಳಗಿನ ಜಾವ ಪ್ರಭಾದೇವಿಯಲ್ಲಿ ಸಾಲು ಹಿಡಿಯುತ್ತಾರೆ. ವಿಘ್ನ ಕಳೆಯುವವನ ವಾರ ಎಂದು ಗೊತ್ತಿದ್ದೇ ಆರಿಸಿಕೊಂಡರೋ ಏನೋ, ವಿಂಡೋಸಿನ ತಿಂಗಳ ತೇಪೆಗಳು ಜಗತ್ತಿಗೆಲ್ಲ ಹೊರಡುವುದೂ ಮಂಗಳವಾರವೇ. 2003ರ ಅಕ್ಟೋಬರಿನಿಂದ ನಡೆದುಬಂದ ಪದ್ಧತಿ: ತಿಂಗಳ ಎರಡನೆಯ ಮಂಗಳವಾರ, ಅಮೆರಿಕದ ಪಡುಗಡಲ ತೀರದಲ್ಲಿ ಬೆಳಗಿನ ಹತ್ತು ಹೊಡೆದಾಗ. ಆಗ ನಮಗೆ ರಾತ್ರಿ ಹತ್ತೂವರೆ. ಅಲ್ಲಿ ಚಳಿಗಾಲವಾದರೆ ಹನ್ನೊಂದೂವರೆ. ಡೊಂಬಿವಲಿಯಲ್ಲಿ ಆ ಹೊತ್ತಿಗೆ ನಾನು ಮಜ್ಜಿಗೆ ಕುಡಿದು, ದೀಪ ಆರಿಸಿ, ಯಾರಿಗೂ ಉಪದ್ರವ ಕೊಡದೆ ಮಲಗಿರುತ್ತೇನೆ. ಬುಧವಾರ ಏಳುವಾಗ ಮನೆಯಲ್ಲಿ ಒಬ್ಬರ ಸ್ವಭಾವ ಬದಲಾಗಿರುತ್ತದೆ.

ಹೆಂಡತಿಯದ್ದಲ್ಲ. ಹಾಲಿನ ಮೂಲೆಯಲ್ಲಿ, ದೇವರ ಗೂಡಿನ ಕೆಳಗೆ, ಹಳೆಯ ವಾಯಿಲ್ ಸೀರೆ ಹೊದ್ದು ಕೂತಿರುವ ಕಂಪ್ಯೂಟರಿನದು.

ಈ ವಿಂಡೋಸುಗಳಿಗೆ ಕೊನೆಗಾಲಕ್ಕೂ ಮಂಗಳವಾರವೇ ಬೇಕು ಎಂಬುದನ್ನು ನಾನು ಕಂಡುಕೊಂಡದ್ದು ಈಚೆಗೆ. ವಿಂಡೋಸ್ ಎಕ್ಸ್‌ಪಿಗೆ ಕಂಪನಿಯ ಆಸರೆ ತಪ್ಪಿದ್ದು 2014ರ ಏಪ್ರಿಲ್ 8ರಂದು. ಏಳಕ್ಕೆ 2020ರ ಜನವರಿ 14. ಹತ್ತಕ್ಕೆ 2025ರ ಅಕ್ಟೋಬರ್ 14. ಪಂಚಾಂಗ ತೆಗೆದು ನೋಡಿ, ಮೂರೂ ಮಂಗಳವಾರ. ನಮ್ಮೂರ ಜೋಯಿಸರ ಕಿವಿಗೆ ಇದು ಬಿದ್ದಿದ್ದರೆ ಕುಜದೋಷವೆಂದು ನಿಶ್ಚಯಿಸಿ, ಶಾಂತಿಯ ಸಾಮಾನಿನ ಪಟ್ಟಿ ಬರೆಸಿ, ದಕ್ಷಿಣೆಯನ್ನೂ ಮುಂಗಡವೇ ತೆಗೆದುಕೊಳ್ಳುತ್ತಿದ್ದರು.

ನನ್ನ ಯಂತ್ರ 2011ರಲ್ಲಿ ಲ್ಯಾಮಿಂಗ್ಟನ್ ರೋಡಿನಲ್ಲಿ ಹುಟ್ಟಿದ್ದು. ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮದರ್‌ಬೋರ್ಡು ಒಂದು ಡಬ್ಬಿಯಿಂದ ಬಂತು, ಪ್ರೊಸೆಸರ್ ಇನ್ನೊಂದರಿಂದ. ಕ್ಯಾಬಿನೆಟ್ಟನ್ನು ಎದುರಂಗಡಿಯಿಂದ ಹುಡುಗನೊಬ್ಬ ಹೆಗಲ ಮೇಲೆ ತಂದ. ಅಂಗಡಿಯವನು ತುಟಿಯ ನಡುವೆ ಸ್ಕ್ರೂ ಕಚ್ಚಿಕೊಂಡು ಎಲ್ಲವನ್ನೂ ಜೋಡಿಸುತ್ತ, ಫೋನಿನಲ್ಲಿ ಇನ್ಯಾರಿಗೋ ಗುಜರಾತಿಯಲ್ಲಿ ರೇಟು ಹೇಳುತ್ತ, ನನಗೆ ಕಟಿಂಗ್ ಚಾಯ್ ತರಿಸಿದ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಇಳಿದು ನಡೆದರೆ ಸಿಗುವ ಈ ರಸ್ತೆಗೆ ಸರಕಾರಿ ಹೆಸರು ಡಾ. ದಾದಾಸಾಹೇಬ ಭಡಕಮ್‌ಕರ್ ಮಾರ್ಗ. ಆ ಹೆಸರು ಬೋರ್ಡಿನಲ್ಲಿ ಇದೆ, ಜನರ ಬಾಯಲ್ಲಿ ಇಲ್ಲ. ಶತಮಾನದ ಹಿಂದಿನ ಗವರ್ನರ್ ಲ್ಯಾಮಿಂಗ್ಟನ್ನೇ ಇನ್ನೂ ನಾಲಿಗೆಯ ಮೇಲಿದ್ದಾನೆ. ನಾವು ಹೊಸದಾಗಿ ಮುಂಬಯಿಗೆ ಬಂದ ಕಾಲಕ್ಕೆ ಈ ರಸ್ತೆಗೆ ಹೋಗುವುದೆಂದರೆ ಸಿನಿಮಾಕ್ಕೆ ಹೋಗುವುದು. ಮಿನರ್ವಾದಲ್ಲಿ 1975ರಲ್ಲಿ ತೆರೆಕಂಡ 'ಶೋಲೆ' ಐದು ವರ್ಷ ಓಡಿತು. ಮಿನರ್ವಾ ಹೋಯಿತು, ಅಪ್ಸರಾ ರೂಪ ಬದಲಿಸಿತು, ಕೇಬಲ್ಲು ಕೀಬೋರ್ಡುಗಳ ಅಂಗಡಿಗಳು ಬಂದವು. ಪುಣ್ಯಕ್ಕೆ ಗಬ್ಬರ್ ಸಿಂಗನಿಗೆ ಯಾರೂ ಅಪ್‌ಡೇಟ್ ಕಳುಹಿಸಲಿಲ್ಲ. ಈಗಲೂ ಅವನು ಅದೇ ಮಾತು ಅದೇ ಗತ್ತಿನಲ್ಲಿ ಹೇಳುತ್ತಾನೆ.

ಅಪ್‌ಡೇಟ್ ಎಂದರೇನು ಎಂದು ನನ್ನ ಹೆಂಡತಿ ಕೇಳಿದಾಗ ನಾನು ಕೊಟ್ಟ ಉತ್ತರ, ನನ್ನ ಮಟ್ಟಿಗೆ, ಸಾಕಷ್ಟು ಒಳ್ಳೆಯದೇ ಇತ್ತು: ಅದು ಭಾನುವಾರದ ಮೆಗಾ ಬ್ಲಾಕ್. ಡೊಂಬಿವಲಿಯವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಮಾಟುಂಗಾ–ಮುಲುಂಡ್ ನಡುವೆ ಹಳಿ, ಸಿಗ್ನಲ್ಲು, ತಂತಿಗಳ ದುರಸ್ತಿ. ಫಾಸ್ಟ್ ಗಾಡಿಗಳು ಸ್ಲೋ ಹಳಿಯ ಮೇಲೆ. ಹಾರ್ಬರಿನಲ್ಲಿ ಒಂದಷ್ಟು ಗಾಡಿಗಳು ರದ್ದು. ಪ್ರಯಾಣಿಕರಿಗೆ ಆಗುವ ಅನಾನುಕೂಲಕ್ಕೆ ವಿಷಾದ, ಮೂರು ಭಾಷೆಗಳಲ್ಲಿ. ಇದೆಲ್ಲ ನಮ್ಮ ಒಳ್ಳೆಯದಕ್ಕೇ ಎಂದು ನಮಗೆ ಗೊತ್ತು, ಮದುವೆ ಮುಂಜಿಗೆ ತಲುಪುವುದು ಮಾತ್ರ ಆಗುವುದಿಲ್ಲ. ಭಾನುವಾರವಿಡೀ ರಿಪೇರಿ ಮಾಡಿಸಿಕೊಂಡ ಆ ಹಳಿಯ ಮೇಲೇ ಸೋಮವಾರ ಬೆಳಗ್ಗೆ 8.12ರ ಗಾಡಿ 'ತಾಂತ್ರಿಕ್ ಬಿಘಾಡ್'ನಿಂದ ಮುಲುಂಡಿನ ಹತ್ತಿರ ನಿಲ್ಲುತ್ತದೆ. ಏಕೆ ಎಂದು ಕೇಳುವವನು ಹೊಸಬ.

ಮೆಗಾ ಬ್ಲಾಕಿನ ಪರವಾಗಿಯೂ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನಾನು ಕೃತಘ್ನನಾದೇನು. 1925ರಿಂದ ಈ ನಗರದ ಲೋಕಲ್‌ಗಳು 1500 ವೋಲ್ಟಿನ ಡಿಸಿ ಕರೆಂಟಿನ ಮೇಲೆ ಓಡುತ್ತಿದ್ದವು. ಅದನ್ನು 25,000 ವೋಲ್ಟಿನ ಎಸಿಗೆ ತರುವ ಕೆಲಸ ಪಶ್ಚಿಮ ರೈಲ್ವೆಯಲ್ಲಿ 2012ಕ್ಕೆ ಮುಗಿಯಿತು, ನಮ್ಮ ಮಧ್ಯ ರೈಲ್ವೆಯಲ್ಲಿ ಹಾರ್ಬರ್ ಸೇರಿ 2016ಕ್ಕೆ. ಅಷ್ಟು ವರ್ಷ ಅರ್ಧ ದಾರಿ ಒಂದು ಕರೆಂಟು, ಅರ್ಧ ದಾರಿ ಇನ್ನೊಂದು; ಎರಡನ್ನೂ ಬಲ್ಲ ಗಾಡಿಗಳನ್ನು ಓಡಿಸಿ, ಲಕ್ಷಾಂತರ ಮಂದಿಯನ್ನು ದಿನವೂ ಆಫೀಸಿಗೆ ತಲುಪಿಸುತ್ತಲೇ ಅಡಿಯಿಂದ ಮುಡಿಯವರೆಗೆ ಬದಲಾಯಿಸಿದರು. ಹಳೆಯ ಗಾಡಿಗೆ 'ನೀನು ಅರ್ಹನಲ್ಲ' ಎಂದು ಪರದೆಯ ಮೇಲೆ ಬರೆದು ತೋರಿಸಲಿಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊನ್ನೆಯ ಬುಧವಾರ ಪರದೆಯ ಮೇಲೆ ಗುಂಡಗೆ ತಿರುಗುವ ಚುಕ್ಕೆಗಳು, ಅವುಗಳ ಕೆಳಗೆ 27 ಪ್ರತಿಶತ. ಸ್ನಾನ ಮುಗಿಸಿ ಬಂದೆ, 27. ಸಂಧ್ಯಾವಂದನೆ ಸ್ವಲ್ಪ ನಿಧಾನವಾಗಿಯೇ ಮುಗಿಸಿದೆ, 27. ತಿಂಡಿ ಆಯಿತು, ಪೇಪರು ಓದಿದೆ, ಪಕ್ಕದ ಮನೆಯವರ ಪೇಪರನ್ನೂ ಓದಿದೆ. ಆಮೇಲೆ ಒಮ್ಮೆಲೇ 100 ಆಗಿ, ಪರದೆ ಕಪ್ಪಾಗಿ, ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿಕೊಂಡಿತು. ಹೊತ್ತಿಕೊಂಡದ್ದು ಫ್ಯಾನು ಮಾತ್ರ. ಪರದೆಯಲ್ಲಿ ಏನೂ ಇಲ್ಲ. ಒಳಗಿನಿಂದ ಉದ್ದುದ್ದ ಬೀಪ್, ಬಿಟ್ಟು ಬಿಟ್ಟು ಬೀಪ್.

"ಅದು ಎಂಥ ಕೂಗುದು ಮಾರಾಯ್ರೆ? ಕುಕ್ಕರಿನದ್ದು ಅಂತ ನಾನು ಗ್ಯಾಸ್ ಆರಿಸಿಬಿಟ್ಟೆ" ಎಂದಳು ಹೆಂಡತಿ. ಆವತ್ತು ಮಧ್ಯಾಹ್ನದ ಅನ್ನ ಗಟ್ಟಿಯಿತ್ತು.

ನಮ್ಮ ಸೊಸೈಟಿಯಲ್ಲಿ ಒಬ್ಬರ ಕಂಪ್ಯೂಟರ್ ಹಾಳಾದರೆ ಅದು ಒಬ್ಬರ ಖಾಸಗಿ ವಿಷಯವಲ್ಲ. ವೈರಸ್ ಎಂದರು ಒಬ್ಬರು. ಇನ್ವರ್ಟರಿನಿಂದ ಆದದ್ದು ಎಂದರು ಸೆಕ್ರೆಟರಿ. ಅವರ ಪ್ರಕಾರ ಕಟ್ಟಡದಲ್ಲಿ ಏನಾದರೂ ಇನ್ವರ್ಟರಿನಿಂದಲೇ ಆಗುವುದು. ಲಿಫ್ಟಿನಲ್ಲಿ ಸಿಕ್ಕ ಮಹನೀಯರೊಬ್ಬರು, ತಮ್ಮ ಅಳಿಯ ಅಮೆರಿಕದಲ್ಲಿ ಇದೇ ಕೆಲಸದಲ್ಲಿದ್ದಾನೆ, ಕೇಳಿ ಹೇಳುತ್ತೇನೆ ಎಂದು ನಾಲ್ಕನೇ ಮಹಡಿಯಲ್ಲಿ ಇಳಿದುಹೋದವರು ಇವತ್ತಿಗೂ ಹೇಳಿಲ್ಲ. ಕೊನೆಗೆ ಬಂದವನು ಎರಡನೇ ಮಹಡಿಯ ಹುಡುಗ. ಡಿಪ್ಲೊಮಾ ಓದುತ್ತಿದ್ದಾನೆ, ಮರಾಠಿಯವನು, ನನ್ನನ್ನು 'ಕಾಕಾ' ಎನ್ನುತ್ತಾನೆ. ಬೀಪನ್ನು ಒಂದು ಕ್ಷಣ ತಲೆ ಓರೆ ಮಾಡಿ ಕೇಳಿದ. "ಕಾಕಾ, ರ‍್ಯಾಮ್ ಆಹೆ. ಖೋಡರಬ್ಬರ್ ಆಹೆ ಕಾ?" ಎಂದ. ರಬ್ಬರ್ ಇದೆಯೇ ಎಂದು ಕೇಳಿದ್ದು.

ಇದನ್ನು ನೋಡಿದವರಿಗೆ ಮಾತ್ರ ನಂಬಿಕೆ ಬಂದೀತು. ಪಕ್ಕದ ತಗಡು ಬಿಚ್ಚಿದ. ಒಳಗೆ ಡೊಂಬಿವಲಿಯ ಧೂಳು ಉಣ್ಣೆಯ ಹಾಗೆ ಕೂತಿತ್ತು, ಹಲ್ಲಿಯ ಎರಡು ಖಾಲಿ ಮೊಟ್ಟೆಗಳಿದ್ದವು, ನಾನು ಬಹಳ ಹಿಂದೆ ಕಳೆದುಕೊಂಡೆನೆಂದುಕೊಂಡ ಒಂದು ಗುಂಡುಸೂಜಿಯೂ ಇತ್ತು. ರ‍್ಯಾಮ್ ಎನ್ನುವ ಬೆರಳುದ್ದದ ಹಸಿರು ಪಟ್ಟಿಯ ಎರಡೂ ತುದಿಯ ಕ್ಲಿಪ್ಪು ಒತ್ತಿದ. ಟಕ್ಕೆಂದು ಮೇಲೆ ಬಂತು. ಅದರ ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳು. ಬಣ್ಣವೇನು, ನಿಜವಾದ ಚಿನ್ನದ ಲೇಪವೇ. ಆದರೆ ಎಷ್ಟು ತೆಳುವೆಂದರೆ ಝವೇರಿ ಬಜಾರಿನವರು ತಕ್ಕಡಿಗೂ ಹಾಕಲಾರರು. ಖಾಡಿಯ ಉಪ್ಪುಗಾಳಿ, ಮಳೆಗಾಲದ ತೇವ, ಕಾರ್ಖಾನೆಗಳ ಹೊಗೆ ಎಲ್ಲ ಸೇರಿ ಅದರ ಮೇಲೆ ಕಣ್ಣಿಗೆ ಕಾಣದಷ್ಟು ಮಬ್ಬು ಕೂರುತ್ತದೆ. ಕರೆಂಟಿಗೆ ಅಷ್ಟೇ ಸಾಕು ಮುನಿಸಿಕೊಳ್ಳಲು. ಹುಡುಗ ತನ್ನ ತಂಗಿಯ ಕಂಪಾಸು ಡಬ್ಬಿಯಿಂದ ಅಪ್ಸರಾ ರಬ್ಬರ್ ತರಿಸಿ, ಹಲ್ಲುಗಳ ಮೇಲೆ ಒಂದೇ ದಿಕ್ಕಿಗೆ ಮೆಲ್ಲನೆ ಉಜ್ಜಿದ. ಕಪ್ಪು ಹುಡಿ ಉದುರಿತು. ಫೂ ಎಂದು ಊದಿ, ಮತ್ತೆ ಅದರ ಸಂದಿಗೆ ಹಾಕಿ, ಎರಡೂ ಹೆಬ್ಬೆರಳಿನಿಂದ ಒತ್ತಿದ. ಕ್ಲಿಪ್ಪು ತಾನಾಗಿ ಮುಚ್ಚಿಕೊಂಡಿತು. ಬಟನ್ ಅದುಮಿದರೆ ಒಂದೇ ಒಂದು ಗಿಡ್ಡ ಬೀಪ್, ಪರದೆಯಲ್ಲಿ ಬೆಳಕು.

ಇಷ್ಟಕ್ಕೂ ಬೀಪಿಗೆ ಕಾರಣ ಅಪ್‌ಡೇಟ್ ಅಲ್ಲವಂತೆ. ಆರಿಸಿ ಹೊತ್ತಿಸಿದ್ದಕ್ಕೆ ಹಳೆಯ ಕಾಯಿಲೆ ಮೇಲೆ ಬಂತು, ಅಷ್ಟೆ. ಹಳೆಯ ಯಂತ್ರದ ಚಿಕಿತ್ಸೆಯಲ್ಲಿ ಕಷ್ಟವೇ ಇದು. ಅಪ್‌ಡೇಟಿನಿಂದ ಆದದ್ದು ಯಾವುದು, ವಯಸ್ಸಿನಿಂದ ಆದದ್ದು ಯಾವುದು, ಅಪ್‌ಡೇಟಿನ ನೆಪದಲ್ಲಿ ಹೊರಗೆ ಬಂದ ವಯಸ್ಸು ಯಾವುದು ಎಂದು ಬೇರ್ಪಡಿಸುವಷ್ಟರಲ್ಲಿ ಮುಂದಿನ ಅಪ್‌ಡೇಟ್ ಬಂದಿರುತ್ತದೆ.

ಆರಿಸಿ ಹೊತ್ತಿಸುವ ವಿದ್ಯೆಯನ್ನು ಹಗುರವಾಗಿ ಕಾಣಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನು ಹಿಡಿದು ಬರೆದುಕೊಟ್ಟರು. ಎಷ್ಟೋ ವರ್ಷ ಡಿಮಾಂಡ್ ಡ್ರಾಫ್ಟನ್ನು ಗುಂಡಗಿನ ಅಕ್ಷರದಲ್ಲಿ ಬರೆದ ನನಗೆ ಅದರ ಫೋಟೋ ಕಂಡು ಒಂದು ಬಗೆಯ ಧನ್ಯತಾಭಾವ ಬಂದದ್ದು ಸುಳ್ಳಲ್ಲ. ಆವತ್ತು ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗಿರಾಕಿಗಳಿಗೆ ಕೊಟ್ಟ ಸಲಹೆ ಏನು ಗೊತ್ತೇ? ಆರಿಸಿ ಹೊತ್ತಿಸಿ, ಕೆಲವರಿಗೆ 15 ಬಾರಿಯವರೆಗೂ ಬೇಕಾಗಿದೆಯಂತೆ. ಇದೇ ಮಾತನ್ನು ನಮ್ಮ ವಾಚ್‌ಮನ್ ಹೇಳಿದ್ದರೆ ನಾವು ನಗುತ್ತಿದ್ದೆವು.

ಪರದೆ ಬಂತು ಎಂದೆನಲ್ಲ, ಬಂದ ಮೇಲೆ ಬ್ಯಾಂಕಿನ ಜಾಲತಾಣ ತೆರೆಯಲಿಲ್ಲ. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಯಾವ ತಾಣಕ್ಕೆ ಹೋದರೂ ಅದೇ. ಹುಡುಗ ಮೂಲೆಯ ಗಡಿಯಾರ ತೋರಿಸಿದ: ಯಂತ್ರದ ಪ್ರಕಾರ ಅದು ಇನ್ನೂ 2011ನೇ ಇಸವಿ. ಕಂಪ್ಯೂಟರ್ ಆರಿದಾಗಲೂ ತೇದಿ ನೆನಪಿಟ್ಟುಕೊಳ್ಳಲು ಮದರ್‌ಬೋರ್ಡಿನ ಮೇಲೆ ಎರಡು ರೂಪಾಯಿ ನಾಣ್ಯದ ಆಕಾರದ ಒಂದು ಸೆಲ್ ಇರುತ್ತದೆ, ಸಿಆರ್ 2032. ಅದು ಸತ್ತರೆ ಯಂತ್ರ ತನ್ನ ಹುಟ್ಟಿದ ಕಾಲಕ್ಕೆ ಹೋಗಿ ಕೂರುತ್ತದೆ. ಜಾಲತಾಣಗಳ ಸುರಕ್ಷತಾ ಪತ್ರಗಳಿಗೆ ಇಂತಿಷ್ಟು ತೇದಿಯಿಂದ ಇಂತಿಷ್ಟು ತೇದಿಯವರೆಗೆ ಎಂದು ಅವಧಿ ಇರುತ್ತದಾದ್ದರಿಂದ, 2011ರಲ್ಲಿ ನಿಂತು ನೋಡಿದರೆ ಎಲ್ಲ ಪತ್ರಗಳೂ ಇನ್ನೂ ಹುಟ್ಟಿರದ ಖೋಟಾ ಪತ್ರಗಳು. ಯಂತ್ರದ ತರ್ಕ ಸರಿಯೇ. ನಾನೂ ಒಂದು ಕ್ಷಣ ಅದರ ಜೊತೆ ಅಲ್ಲೇ ಇರೋಣವೆಂದುಕೊಂಡೆ: 2011ರಲ್ಲಿ ನನಗೆ ಸರ್ವಿಸ್ ಇತ್ತು, ಮೊಣಕಾಲು ಇತ್ತು, ನಾನು ಸೇವೆ ಸಲ್ಲಿಸಿದ ಬ್ಯಾಂಕಿಗೆ ಅದರದ್ದೇ ಹೆಸರಿತ್ತು. ಸ್ಟೇಷನ್ ಬಳಿ ಮೆಟ್ಟಿಲ ಕೆಳಗೆ ಕೂರುವ ಗಡಿಯಾರ ರಿಪೇರಿಯವನ ಹತ್ತಿರ ಒಂದು ಸೆಲ್ ತಂದು ಹಾಕಿದೆವು. ವರ್ತಮಾನಕ್ಕೆ ಬರಲು ತಗುಲಿದ ಖರ್ಚು ಒಂದು ಮಸಾಲೆ ದೋಸೆಯಷ್ಟೂ ಆಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಯಂತ್ರ ಕುಂಟುತ್ತಿತ್ತು. ಬಟನ್ ಒತ್ತಿ, ಹೊರಗೆ ಹೋಗಿ ಕೊತ್ತಂಬರಿ ಸೊಪ್ಪು ಚೌಕಾಶಿ ಮಾಡಿ ತಂದರೂ ಅದು ಇನ್ನೂ ಎದ್ದಿರುತ್ತಿರಲಿಲ್ಲ. ಹಳೆಯ ಹಾರ್ಡ್‌ಡಿಸ್ಕಿನ ಮುಳ್ಳು ತಿರುಗುವ ತಟ್ಟೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡಿ ಓದಬೇಕು. ಅಪ್‌ಡೇಟ್ ಆದ ಮೇಲೆ ಇರುವ ಫೈಲುಗಳನ್ನೆಲ್ಲ ಹೊಸದಾಗಿ ಎಣಿಸಿ ಪಟ್ಟಿ ಮಾಡುವ ಕೆಲಸ, ವೈರಸ್ ತಪಾಸಣೆ, ಮತ್ತೆ ಇನ್ನೊಂದು ಅಪ್‌ಡೇಟಿನ ಇಳಿತ, ಎಲ್ಲವೂ ಆ ಒಂದೇ ಮುಳ್ಳನ್ನು ಎಳೆಯುತ್ತವೆ. ಸುಮ್ಮನೆ ಒಂದು ಹಗಲು ಹೊತ್ತಿಸಿಟ್ಟು ಬಿಟ್ಟರೆ ಬಹಳ ಮಟ್ಟಿಗೆ ತಾನೇ ಸರಿಯಾಗುತ್ತದೆ ಎಂದು ಹುಡುಗ ಹೇಳಿದ. ಅವನ ಮಾತು ಕೇಳುವ ತಾಳ್ಮೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಂಗಡಿಯ ಮೆಕ್ಯಾನಿಕ್ ಬಂದ. ನೋಡುವ ಮೊದಲೇ ತೀರ್ಪು ಕೊಟ್ಟ: "ಅಂಕಲ್, ಫಾರ್ಮ್ಯಾಟ್ ಮಾರ್ನಾ ಪಡೇಗಾ."

ಈ ನಗರದ ಕಂಪ್ಯೂಟರ್ ವೈದ್ಯರಲ್ಲಿ ಶೇಕಡಾ ಎಷ್ಟೋ ಮಂದಿಗೆ ಇದೊಂದೇ ಔಷಧ. ಎಲ್ಲವನ್ನೂ ಒರೆಸಿ ಹೊಸದಾಗಿ ಹಾಕುವುದು. ಡೇಟಾ ಬ್ಯಾಕಪ್ ತೆಗೆದುಕೊಟ್ಟ, ಅದರಲ್ಲಿ ಮೋಸವಿಲ್ಲ. ಹಾರ್ಡ್‌ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದ. ಯಂತ್ರ ನಿಜಕ್ಕೂ ಹದಿಹರೆಯದ ಹುಡುಗನಾಗಿ ಎದ್ದಿತು. ನನ್ನ ಫೈಲುಗಳೆಲ್ಲ ಇದ್ದವು. ಒಂದನ್ನು ತೆರೆದೆ.

ಅದರಲ್ಲಿ ಕನ್ನಡ ಇರಲಿಲ್ಲ.

ನಮ್ಮ ಉಪನಗರದ ಚಿಕ್ಕ ಕನ್ನಡ ಸಂಘದ ಸ್ಮರಣ ಸಂಚಿಕೆಗಳು, ವರದಿಗಳು, ಯಕ್ಷಗಾನ ಸಪ್ತಾಹದ ಕರಪತ್ರಗಳು, ತೀರಿಹೋದ ಹಿರಿಯರ ಬಗ್ಗೆ ಬರೆದ ಶ್ರದ್ಧಾಂಜಲಿಗಳು, ಎಲ್ಲವೂ ಆ ಯಂತ್ರದಲ್ಲಿ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಇದ್ದವು. ಆ ಕಾಲದ ವ್ಯವಸ್ಥೆ ಹೀಗೆ: ಕಂಪ್ಯೂಟರಿನ ಲೆಕ್ಕದಲ್ಲಿ ಒಳಗೆ ಇರುವುದು ರೋಮನ್ ಲಿಪಿಯ ಗುರುತುಗಳೇ, ಫಾಂಟು ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತದೆ. ಫಾಂಟು ಹೋದರೆ ವೇಷ ಕಳಚಿ ಬೀಳುತ್ತದೆ. 'ಕನ್ನಡ' ಎಂದು ಬರೆದ ಜಾಗದಲ್ಲಿ ನನಗೆ ಕಂಡದ್ದು ಒಂದು ಪಿ, ತಲೆಯ ಮೇಲೆ ಗೀಟು ಎಳೆದುಕೊಂಡ ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಜರ್ಮನ್ನರ ಜೋಡಿ ಎಸ್, ಕೊನೆಗೆ ಒಂದು ಕ್ಯೂ. ಹಳೆಯ ನುಡಿಯಲ್ಲಿ 'ನ' ಅಕ್ಷರಕ್ಕೆ ಪೌಂಡಿನ ಮನೆ ಕೊಟ್ಟಿದ್ದರು. ಹೀಗಾಗಿ ನಮ್ಮ ಸಂಘದ ಬಡ ಜಮಾಖರ್ಚಿನ ವರದಿ ಪುಟದ ತುಂಬ ಪೌಂಡುಗಳಿಂದ ಕಂಗೊಳಿಸುತ್ತಿತ್ತು. ನಮ್ಮ ಕೋಶಾಧಿಕಾರಿಗಳಿಗೆ ತೋರಿಸಿದೆ, ಅವರು ನಗಲಿಲ್ಲ.

ಮುಂಬಯಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಕನ್ನಡವಿಲ್ಲ ಎಂದು ಗೋಳಾಡುವುದು ಒಂದು ರೀತಿಯಲ್ಲಿ ನಾಚಿಕೆಯ ವಿಷಯ. ಭಾರತದಲ್ಲೇ ರೂಪಿಸಿ ಕಟ್ಟಿದ ಮೊದಲ ದೊಡ್ಡ ಕಂಪ್ಯೂಟರ್ ಇಲ್ಲಿಯದು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದ್ದು. 1960ರಲ್ಲಿ ಕೆಲಸಕ್ಕೆ ನಿಂತಿತು, 1962ರಲ್ಲಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಸುಮಾರು 2,700 ನಿರ್ವಾತ ಕೊಳವೆಗಳಿದ್ದವಂತೆ. ಅದರ ರಿಪೇರಿಯವರ ಕಷ್ಟದ ಮುಂದೆ ನನ್ನದೇನು. ಅದೇ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾಯರು, ಅಂದರೆ ನಮ್ಮ ಕೆ.ಪಿ. ರಾವ್. ಇರುವ 26 ಇಂಗ್ಲಿಷ್ ಕೀಲಿಗಳಲ್ಲೇ, ಉಚ್ಚಾರದ ಕ್ರಮ ಹಿಡಿದು, ಕನ್ನಡದ ಎಲ್ಲ ಅಕ್ಷರಗಳನ್ನೂ ಕೂರಿಸಿದ ಪುಣ್ಯಾತ್ಮರು ಅವರು. ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಒತ್ತಿದರಾಯಿತು. ನುಡಿಯ ಕೀಲಿಮಣೆ ನಿಂತಿರುವುದೇ ಆ ವಿನ್ಯಾಸದ ಮೇಲೆ. ನನ್ನ ಬೆರಳುಗಳಿಗೆ ಬೇರೆ ಯಾವ ಲೋಕವೂ ಗೊತ್ತಿಲ್ಲ. ನಿದ್ದೆಯಲ್ಲಿ ಕೂಡ ಒತ್ತಕ್ಷರ ಬಂದರೆ ಎಡಗೈ ತೋರುಬೆರಳು ಮಿಡಿಯುತ್ತದೆ.

ಹೊಸ ಯೂನಿಕೋಡ್ ಫೈಲುಗಳ ಕಥೆ ಬೇರೆ. ಅಲ್ಲಿ ಕನ್ನಡ ಇತ್ತು, ಆದರೆ ಗುರುತು ಸಿಗದ ಮುಖದಲ್ಲಿ. ನಾನು ಬಳಸುತ್ತಿದ್ದುದು ತುಂಗಾ ಎಂಬ ಫಾಂಟು; ಎಕ್ಸ್‌ಪಿಯ ಕಾಲದಿಂದ ವಿಂಡೋಸಿನ ಜೊತೆ ಬಂದದ್ದು. ಹತ್ತರ ಹೊಸ ಸ್ಥಾಪನೆಯಲ್ಲಿ ಕನ್ನಡಕ್ಕೆ ನಿರ್ಮಲಾ ಇರುತ್ತದೆ, ತುಂಗಾ ಇರುವುದಿಲ್ಲ. ಅದನ್ನು ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸರಿಸಿದ್ದಾರೆ. ಸೆಟ್ಟಿಂಗ್ಸಿಗೆ ಹೋಗಿ, ಆ ಪಟ್ಟಿಯಲ್ಲಿ ಕನ್ನಡದ ಪೂರಕ ಫಾಂಟುಗಳು ಎಂಬುದನ್ನು ಹುಡುಕಿ ಒತ್ತಿದರೆ ಇಳಿದು ಬರುತ್ತದೆ. ಅಥವಾ ಕನ್ನಡವನ್ನು ಒಂದು ಭಾಷೆಯಾಗಿ ಸೇರಿಸಿದರೆ ಅದರ ಬೆನ್ನಿಗೇ ಬರುತ್ತದೆ. ಮೆಕ್ಯಾನಿಕ್ಕಿಗೆ ಇದು ಗೊತ್ತಿಲ್ಲ. ಅವನಿಗೆ ಏಕೆ ಗೊತ್ತಿರಬೇಕು? ಇದನ್ನು ಓದುವವರು ಯಾರಾದರೂ ಇದೇ ಪೇಚಿನಲ್ಲಿ ಸಿಕ್ಕಿದ್ದರೆ ಈ ಪ್ರಬಂಧದಿಂದ ಆಗುವ ಏಕೈಕ ಉಪಯೋಗ ಇದು, ದಯವಿಟ್ಟು ಗೆರೆ ಎಳೆದುಕೊಳ್ಳಿ.

ಪ್ರಿಂಟರ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದನ್ನು ತಯಾರಿಸಿದವರು ಹೊಸ ವಿಂಡೋಸಿಗೆ ಡ್ರೈವರ್ ಮಾಡುವುದನ್ನು ನಿಲ್ಲಿಸಿದ್ದಾರೆ. ಈಗ ಅದರ ಮೇಲೆ ಹೆಂಡತಿ ಮನಿಪ್ಲಾಂಟ್ ಇಟ್ಟಿದ್ದಾಳೆ, ಚೆನ್ನಾಗಿ ಹಬ್ಬುತ್ತಿದೆ.

ಆ 'ನೀನು ಅರ್ಹನಲ್ಲ' ಎಂಬ ಮಾತಿಗೆ ಬರುತ್ತೇನೆಂದಿದ್ದೆ. ವಿಂಡೋಸ್ ಹನ್ನೊಂದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರೋ ಅದಕ್ಕಿಂತ ಈಚಿನದೋ ಆಗಬೇಕು. ನನ್ನದು ಎರಡನೇ ತಲೆಮಾರು. ಹೀಗಾಗಿ 2025ರ ಅಕ್ಟೋಬರಿನ ಆ ಮಂಗಳವಾರ ಅದು ಅಧಿಕೃತವಾಗಿ ನಿವೃತ್ತವಾಯಿತು. ಮೈಕ್ರೋಸಾಫ್ಟ್ ಖಾತೆಯ ಮೂಲಕ ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆ ಸಿಗುವ ಒಂದು ವ್ಯವಸ್ಥೆ ಇಟ್ಟರು. ಬ್ಯಾಂಕಿನ ಭಾಷೆಯಲ್ಲಿ ಒಂದು ವರ್ಷದ ಎಕ್ಸ್‌ಟೆನ್ಷನ್. ಆ ದಿನ ಯಾವ ವಾರ ಎಂದು ನಾನು ಹೇಳಬೇಕಾಗಿಲ್ಲ. ನನಗೇ ಸಿಗದ ಎಕ್ಸ್‌ಟೆನ್ಷನ್ ನನ್ನ ಕಂಪ್ಯೂಟರಿಗೆ ಸಿಕ್ಕಿತಲ್ಲ ಎಂದು ಅರ್ಜಿ ತುಂಬಿದೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೇಷ್ಟರಾಗಿರುವ ನನ್ನ ಷಡ್ಡಕ ಫೋನಿನಲ್ಲಿ ಇದನ್ನೆಲ್ಲ ಕೇಳಿ, "ನೀವು ಎಂತಕ್ಕೆ ಭಾವ ಇಷ್ಟು ಕಷ್ಟ ಪಡುದು? ಲಿನಕ್ಸ್ ಹಾಕಿ" ಎಂದ. ಕೇರಳದ ಸರಕಾರಿ ಶಾಲೆಗಳು ಎಂದೋ ಉಚಿತ ತಂತ್ರಾಂಶಕ್ಕೆ ಹೋಗಿವೆ. ಅಲ್ಲಿಯ ಕನ್ನಡ ಮಕ್ಕಳು ಲಿನಕ್ಸಿನಲ್ಲೇ ಕನ್ನಡ ಟೈಪಿಸಲು ಕಲಿಯುತ್ತಾರೆ. ಹಳೆಯ ಯಂತ್ರದ ಮೇಲೂ ಅದು ಹಗುರವಾಗಿ ಓಡುತ್ತದೆ. ಮನಸ್ಸು ಅತ್ತ ಒಲಿದಿದೆ. ಎರಡನೇ ಮಹಡಿಯ ಹುಡುಗನ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಿದ್ದೇನೆ.

ಹಳೆಯ ಸಂಚಿಕೆಗಳ ಗತಿ ಏನಾಯಿತು ಎಂದು ನೀವು ಕೇಳಬೇಕು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಫಾಂಟುಗಳ ಫೈಲುಗಳು ಸಿಕ್ಕವು, ಮತ್ತೆ ಹಾಕಿಕೊಂಡೆವು, ಪೌಂಡುಗಳೆಲ್ಲ ಕನ್ನಡವಾದವು. ಈಗ ಒಂದೊಂದನ್ನೇ ಯೂನಿಕೋಡಿಗೆ ಬದಲಾಯಿಸುತ್ತಿದ್ದೇನೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ. ಕಣ್ಣಿಡಬೇಕಾದ್ದು ಅರ್ಕಾವೊತ್ತಿನ ಮೇಲೆ. ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ಹಿಂದೆ ಕೂರುತ್ತಿತ್ತು, ಯೂನಿಕೋಡಿನಲ್ಲಿ ಮುಂದೆ ಬರಬೇಕು. ಜಾಗ ಬದಲಿಸುವಾಗ ಒಮ್ಮೊಮ್ಮೆ ದಾರಿ ತಪ್ಪುತ್ತದೆ. ನಡುವೆ ಇಂಗ್ಲಿಷ್ ಮಾತೇನಾದರೂ ಬಂದಿದ್ದರೆ ಅದೂ ಕನ್ನಡವಾಗಲು ಹೋಗಿ ವಿಚಿತ್ರ ಅವತಾರ ತಾಳುತ್ತದೆ. ನಮ್ಮ ಅಧ್ಯಕ್ಷರ ಇ-ಮೇಲ್ ವಿಳಾಸ ಈಗ ಯಾವುದೋ ಹಳಗನ್ನಡ ಶಾಸನದ ತುಣುಕಿನಂತೆ ಕಾಣುತ್ತಿದೆ.

ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರಷ್ಟು ಹಿಂದಿನದು; ಮಾಹಿಮಿನ ಕರ್ನಾಟಕ ಸಂಘವೂ ಹಳೆಯದು. ಅಂಥ ದೊಡ್ಡ ಸಂಸ್ಥೆಗಳ ಮುದ್ರಿತ ಪುಸ್ತಕ ಎಲ್ಲಾದರೂ ಒಂದು ಗ್ರಂಥಾಲಯದಲ್ಲಿ ಉಳಿದೀತು. ಚಿಂತೆ ಇರುವುದು ವಸಾಯಿಯಿಂದ ವಾಶಿಯವರೆಗೆ, ಕಲ್ಯಾಣದಿಂದ ಕಾಂದಿವಲಿಯವರೆಗೆ ಇರುವ ನೂರಾರು ಚಿಕ್ಕ ಸಂಘಗಳದ್ದು, ಜಾತಿ ಸಮಾಜಗಳದ್ದು, ಭಜನಾ ಮಂಡಳಿಗಳದ್ದು. ಅವುಗಳ ಇಪ್ಪತ್ತು ಇಪ್ಪತ್ತೈದು ವರ್ಷಗಳ ಬರವಣಿಗೆ ಯಾರದೋ ಮನೆಯ ಅಟ್ಟದ ಮೇಲಿನ ಕಂಪ್ಯೂಟರಿನಲ್ಲಿ, ಯಾವುದೋ ಸಿಡಿಯಲ್ಲಿ, ಹಳೆಯ ಫಾಂಟಿನ ಹಂಗಿನಲ್ಲಿ ಇದೆ. ಅವುಗಳ ಕಾರ್ಯದರ್ಶಿಗಳಲ್ಲಿ, ಸಂಚಿಕೆ ಸಂಪಾದಿಸಿದ ಮಹನೀಯರಲ್ಲಿ ನನ್ನ ವಿನಂತಿ ಇಷ್ಟೇ. ಆ ಯಂತ್ರ ಇನ್ನೂ ಹೊತ್ತಿಕೊಳ್ಳುವಾಗಲೇ ಫಾಂಟುಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ, ಬರಹಗಳನ್ನು ಯೂನಿಕೋಡಿಗೆ ತನ್ನಿ, ಜೊತೆಗೊಂದು ಪಿಡಿಎಫ್ ಮಾಡಿಡಿ, ಮೂಲ ಫೈಲನ್ನು ಅಳಿಸಬೇಡಿ. ಕರಡು ತಿದ್ದಲು ಜನ ಸಿಗದಿದ್ದರೆ ನನಗೆ ಹೇಳಿಕಳುಹಿಸಿ. ಭಾನುವಾರ ಮಾತ್ರ ಕರೆಯಬೇಡಿ, ಮೆಗಾ ಬ್ಲಾಕ್ ಇರುತ್ತದೆ.